ಪಲ್ಮನರಿ ವೇನ್ ದಾರಿ ತಪ್ಪಿದ್ದರೆ: ಹೃದಯದ ಎಂಆರ್‌ಐ ಮಾಡಿಸುವವರಿಗೆ ಕರಾವಳಿಯಿಂದ ಒಂದು ಮಾರ್ಗದರ್ಶಿ

ಎಕೋ (ಹೃದಯದ ಅಲ್ಟ್ರಾಸೌಂಡ್) ರಿಪೋರ್ಟಿನಲ್ಲಿ "ಹೃದಯದ ಬಲಭಾಗ ದೊಡ್ಡದಾಗಿದೆ, ತೂತು ಕಾಣುತ್ತಿಲ್ಲ" ಎಂದು ಬರೆದಿದ್ದಾರಾ? ಅಥವಾ ಮಗುವಿಗೆ ಪದೇ ಪದೇ ಕಫ ಕಟ್ಟುತ್ತದೆ, ತೂಕ ಏರುತ್ತಿಲ್ಲ, ಡಾಕ್ಟರು "ಪಲ್ಮನರಿ ವೇನ್ ಸರಿಯಾದ ಜಾಗಕ್ಕೆ ಸೇರಿದ ಹಾಗಿಲ್ಲ, ಎಂಆರ್‌ಐ ಮಾಡಿಸಿ" ಎಂದರಾ? ಹಾಗಿದ್ದರೆ ಇದು ನಿಮಗಾಗಿ ಬರೆದದ್ದು. ಮಂಗಳೂರು, ಉಡುಪಿ ಕಡೆಯವರ ಸ್ಕ್ಯಾನ್ ಓದುವುದೇ ನನ್ನ ಕೆಲಸ. ದೂರದೂರಿಂದ ಬಂದು, ಖರ್ಚು ಮಾಡಿ, ಮಗುವನ್ನು ಹಸಿವಿನಲ್ಲಿಟ್ಟು ಸ್ಕ್ಯಾನ್ ಮಾಡಿಸಿದ ಮೇಲೂ ಸರ್ಜನ್ನರ ಪ್ರಶ್ನೆಗೆ ಉತ್ತರ ಸಿಗದೆ ಹೋದರೆ ತುಂಬ ಬೇಜಾರಾಗುತ್ತದೆ. ಹಾಗಾಗಬಾರದು.

ಈ ಪರೀಕ್ಷೆಯಿಂದ ನಮಗೆ ಎರಡು ಉತ್ತರ ಬೇಕು. ಪ್ರತಿಯೊಂದು ಪಲ್ಮನರಿ ವೇನ್, ಅಂದರೆ ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳ, ಎಲ್ಲಿಗೆ ಹೋಗಿ ಸೇರುತ್ತದೆ? ತಪ್ಪು ದಾರಿಯಲ್ಲಿ ಎಷ್ಟು ರಕ್ತ ಹೋಗುತ್ತಿದೆ? ಮೊದಲನೆಯದನ್ನು ಸಿಟಿ ಸ್ಕ್ಯಾನ್ ಕೂಡ ಹೇಳುತ್ತದೆ. ಎರಡನೆಯದನ್ನು ನೇರವಾಗಿ ಅಳೆದು ಹೇಳುವುದು ಎಂಆರ್‌ಐ. ಚಿತ್ರ ಮಾತ್ರ ಸಿಕ್ಕಿ ಅಳತೆ ಸಿಗದಿದ್ದರೆ ಅರ್ಧ ಕೆಲಸ ಆದಂತೆ.

ಮೊದಲು ತೊಂದರೆ ಏನೆಂದು ತಿಳಿದುಕೊಳ್ಳಿ

ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತವನ್ನು ಹೃದಯಕ್ಕೆ ತರುವ ನಾಳಗಳೇ ಪಲ್ಮನರಿ ವೇನ್. ಸಾಮಾನ್ಯವಾಗಿ ನಾಲ್ಕು ಇರುತ್ತವೆ. ಬಲದಿಂದ ಎರಡು, ಎಡದಿಂದ ಎರಡು. ನಾಲ್ಕೂ ಹೃದಯದ ಎಡ ಮೇಲ್ಕೋಣೆಗೆ ಸೇರಬೇಕು. ಕೆಲವರಲ್ಲಿ ಎಡಗಡೆಯ ಎರಡೂ ಒಂದಾಗಿ ಸೇರುತ್ತವೆ, ಕೆಲವರಲ್ಲಿ ಬಲಗಡೆ ಒಂದು ಜಾಸ್ತಿ ಇರುತ್ತದೆ. ಇವು ಕಾಯಿಲೆ ಅಲ್ಲ. ರಿಪೋರ್ಟಿನಲ್ಲಿ ಹಾಗೆ ಬರೆದಿದ್ದರೆ ಹೆದರಬೇಡಿ.

ತೊಂದರೆ ಬರುವುದು ನಾಳ ಬಲಭಾಗಕ್ಕೆ ಸೇರಿದಾಗ. ಆಗ ಶ್ವಾಸಕೋಶದಿಂದ ಬಂದ ರಕ್ತ ಮೈಗೆ ಹೋಗದೆ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಉಡುಪಿಗೆ ಹೊರಟ ಬಸ್ಸು ಮುಲ್ಕಿಯಲ್ಲೇ ತಿರುಗಿ ಮತ್ತೆ ಸ್ಟೇಟ್‌ಬ್ಯಾಂಕಿಗೆ ಬಂದ ಹಾಗೆ. ಓಡಾಟ ಆಗುತ್ತದೆ, ಜನ ಊರು ಮುಟ್ಟುವುದಿಲ್ಲ. ಈ ಸುಮ್ನೆ ಸುತ್ತುವ ರಕ್ತದ ಹೊರೆ ಹೃದಯದ ಬಲಭಾಗದ ಮೇಲೆ ಬೀಳುತ್ತದೆ. ವರ್ಷಗಳು ಹೋದಂತೆ ಅದು ಹಿಗ್ಗುತ್ತದೆ.

ಒಂದೆರಡು ನಾಳ ಮಾತ್ರ ತಪ್ಪಿದ್ದರೆ ಪಿಎಪಿವಿಸಿ. ನಾಲ್ಕೂ ತಪ್ಪಿದ್ದರೆ ಟಿಎಪಿವಿಸಿ. ಬಲ ಶ್ವಾಸಕೋಶದ ನಾಳ ಕೆಳಗಿಳಿದು ಹೊಟ್ಟೆಯಿಂದ ಬರುವ ದೊಡ್ಡ ನಾಳಕ್ಕೆ ಸೇರಿದರೆ ಸಿಮಿಟರ್ ಸಿಂಡ್ರೋಮ್. ಎಕ್ಸ್‌ರೇಯಲ್ಲಿ ಆ ನಾಳ ಬಾಗಿದ ಕತ್ತಿಯ ಹಾಗೆ ಕಾಣುವುದರಿಂದ ಈ ಹೆಸರು. ಇನ್ನು ಕೆಲವರಲ್ಲಿ ನಾಳ ಸರಿಯಾದ ಜಾಗಕ್ಕೇ ಸೇರಿರುತ್ತದೆ, ಆದರೆ ಬಾಯಿ ಕಿರಿದಾಗಿರುತ್ತದೆ. ನಾಳ ದಾರಿ ತಪ್ಪುವುದು ಗರ್ಭದ ಮೊದಲ ಕೆಲವು ವಾರಗಳಲ್ಲೇ ಆಗಿಹೋಗುವ ವಿಷಯ. ತಾಯಿ ಏನು ತಿಂದಳು, ಗ್ರಹಣದ ದಿನ ಹೊರಗೆ ಬಂದಳಾ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ ದಯವಿಟ್ಟು ಅಲ್ಲೇ ತಡೆಯಿರಿ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಎಂಆರ್‌ಐ ಯಾವಾಗ ಬೇಡ

ಹುಟ್ಟಿದ ಕೆಲವೇ ದಿನಗಳಲ್ಲಿ ಮಗು ನೀಲಿಯಾಗಿ ಏದುಸಿರು ಬಿಡುತ್ತಿದ್ದರೆ ಎಂಆರ್‌ಐ ಸ್ಲಾಟ್‌ಗಾಗಿ ಕಾಯಬೇಡಿ. ನಾಲ್ಕೂ ನಾಳ ತಪ್ಪಿ, ದಾರಿಯಲ್ಲಿ ಅಡ್ಡಿಯೂ ಇದ್ದರೆ ಅದು ತುರ್ತು ಆಪರೇಷನ್ನಿನ ಕೇಸು. ನಾಳಗಳು ಡಯಾಫ್ರಮ್ (ಎದೆ ಮತ್ತು ಹೊಟ್ಟೆಯ ನಡುವಿನ ಪರದೆ) ದಾಟಿ ಕೆಳಗೆ ಹೋಗಿ ಲಿವರ್ ಕಡೆ ಸೇರುವ ಬಗೆಯಲ್ಲಿ ಈ ಅಡ್ಡಿ ಜಾಸ್ತಿ. ಅಂಥ ಮಗುವಿಗೆ ಎಕೋ ಮಾಡಿ, ಅದು ಸಾಲದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಸಿಟಿ ಮಾಡಿ, ಸರ್ಜನ್ ಬಳಿಗೆ ಕಳಿಸುತ್ತಾರೆ. ಸಿಟಿಯಲ್ಲಿ ವಿಕಿರಣ ಇದೆ ನಿಜ. ಆದರೆ ಆ ಹೊತ್ತಿಗೆ ಸಮಯವೇ ದೊಡ್ಡದು.

ಎಂಆರ್‌ಐ ಬೇಕಾಗುವುದು ಸ್ಥಿತಿ ತುರ್ತಿಲ್ಲದಾಗ. ದೊಡ್ಡ ಮಕ್ಕಳು ಮತ್ತು ದೊಡ್ಡವರಲ್ಲಿ ಎಕೋಗೆ ಪಲ್ಮನರಿ ವೇನ್ ಎಲ್ಲವೂ ಸರಿಯಾಗಿ ಕಾಣುವುದಿಲ್ಲ, ಮಧ್ಯೆ ಶ್ವಾಸಕೋಶದ ಗಾಳಿ ಅಡ್ಡ ಬರುತ್ತದೆ. ಟಿಎಪಿವಿಸಿ ಆಪರೇಷನ್ ಆದ ಮಕ್ಕಳಲ್ಲಿ ಕೆಲವರಿಗೆ ಹೊಲಿಗೆ ಹಾಕಿದ ಕಡೆ ನಾಳ ಮತ್ತೆ ಕಿರಿದಾಗುತ್ತದೆ. ಅವರನ್ನು ಮತ್ತೆ ಮತ್ತೆ ನೋಡಬೇಕಾಗುತ್ತದೆ. ಪ್ರತಿ ಸಲ ವಿಕಿರಣ ಕೊಡುವುದಕ್ಕಿಂತ ಎಂಆರ್‌ಐ ಒಳ್ಳೆಯದು ಅಲ್ವಾ? ಟರ್ನರ್ ಸಿಂಡ್ರೋಮ್ (ಒಂದು ಎಕ್ಸ್ ಕ್ರೋಮೋಸೋಮಿನ ಕೊರತೆ) ಇರುವ ಹೆಣ್ಣುಮಕ್ಕಳಲ್ಲೂ ಈ ತೊಂದರೆ ಬೇರೆಯವರಿಗಿಂತ ಹೆಚ್ಚು ಕಾಣುತ್ತದೆ.

ಚೀಟಿಯಲ್ಲಿ ಏನು ಬರೆದಿದೆ ನೋಡಿ

ಬಹಳ ಮಂದಿ ಗಮನ ಕೊಡದೆ ಬಿಡುವ ಹೆಜ್ಜೆ ಇದು. ಚೀಟಿಯಲ್ಲಿ ಬರೀ "ಎಂಆರ್‌ಐ ಚೆಸ್ಟ್" ಎಂದಿದ್ದರೆ ಸಾಮಾನ್ಯ ಎದೆಯ ಸ್ಕ್ಯಾನ್ ಆಗಿಬಿಡಬಹುದು. ಹೃದಯ ಬಡಿಯುತ್ತಲೇ ಇರುವುದರಿಂದ ಅದಕ್ಕೆ ಬೇರೆಯದೇ ಸ್ಕ್ಯಾನ್ ಬೇಕು. ಡಾಕ್ಟರ ಬಳಿ ಹೀಗೆ ಬರೆಸಿಕೊಳ್ಳಿ: "ಕಾರ್ಡಿಯಾಕ್ ಎಂಆರ್‌ಐ, ಪಲ್ಮನರಿ ವೇನ್‌ಗಳ ಆಂಜಿಯೋಗ್ರಫಿ ಸಹಿತ, ಫ್ಲೋ ಅಳತೆ ಸಹಿತ." ಫ್ಲೋ ಎಂದರೆ ರಕ್ತದ ಹರಿವು. ಆ ಒಂದು ಪದ ಬಿಟ್ಟುಹೋಗದಿರಲಿ.

ಸಿಮಿಟರ್ ಅನುಮಾನ ಇದ್ದರೆ "ಹೊಟ್ಟೆಯ ಮೇಲ್ಭಾಗವೂ ಸೇರಲಿ" ಎಂದು ಬರೆಸಿ. ಇಂಥವರಲ್ಲಿ ಕೆಲವೊಮ್ಮೆ ಹೊಟ್ಟೆಯ ಮಹಾಧಮನಿಯಿಂದ ಒಂದು ನಾಳ ನೇರವಾಗಿ ಬಲ ಶ್ವಾಸಕೋಶಕ್ಕೆ ಹೋಗಿರುತ್ತದೆ. ಸ್ಕ್ಯಾನ್ ಡಯಾಫ್ರಮ್ ಹತ್ತಿರವೇ ನಿಂತರೆ ಅದು ಸಿಗುವುದೇ ಇಲ್ಲ. ಹಳೆಯ ಎಕೋ ರಿಪೋರ್ಟು, ಎಕ್ಸ್‌ರೇ, ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ ಎಲ್ಲವನ್ನೂ ಚೀಟಿಯ ಜೊತೆ ಇಟ್ಟುಕೊಳ್ಳಿ. ಓದುವವರಿಗೆ ಅವು ಬಹಳ ಉಪಕಾರ.

ಹೊರಡುವ ಮೊದಲು ಒಂದು ಫೋನ್ ಮಾಡಿ

ಮಂಗಳೂರು, ಮಣಿಪಾಲ, ದೇರಳಕಟ್ಟೆ ಎಲ್ಲ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ನಮ್ಮ ಭಾಗ್ಯ. ಆದರೆ ಎಂಆರ್‌ಐ ಮೆಷಿನ್ ಇರುವ ಎಲ್ಲ ಕಡೆಯೂ ಹೃದಯದ ಎಂಆರ್‌ಐ ಆಗುವುದಿಲ್ಲ. ಅದಕ್ಕೆ ಬೇರೆ ಸಾಫ್ಟ್‌ವೇರ್, ಇಸಿಜಿ ಜೋಡಣೆ, ಅದರಲ್ಲಿ ಪಳಗಿದ ಜನ ಬೇಕು. ಸುಳ್ಯದಿಂದಲೋ ಬೈಂದೂರಿನಿಂದಲೋ ಬಸ್ ಹತ್ತುವ ಮೊದಲು ಫೋನ್ ಮಾಡಿ ಇಷ್ಟು ಕೇಳಿ: ಇಸಿಜಿ ಜೋಡಿಸಿ ಹೃದಯದ ಎಂಆರ್‌ಐ ಮಾಡುತ್ತೀರಾ? ಫ್ಲೋ ಅಳೆಯುತ್ತೀರಾ? ಚಿಕ್ಕ ಮಗುವಾದರೆ ಆ ದಿನ ಅನಸ್ತೇಶಿಯಾ ಡಾಕ್ಟರು ಇರುತ್ತಾರಾ? ಹುಟ್ಟಿನಿಂದ ಬಂದ ಹೃದಯದ ತೊಂದರೆಗಳನ್ನು ಓದುವವರು ಯಾರು? ಒಟ್ಟು ಬಿಲ್ ಎಷ್ಟು? ಕಾಂಟ್ರಾಸ್ಟ್ (ನಾಳಗಳು ಎದ್ದು ಕಾಣಲು ಕೊಡುವ ಇಂಜೆಕ್ಷನ್) ಮತ್ತು ಅನಸ್ತೇಶಿಯಾದ ಹಣ ಬೇರೆ ಇರಬಹುದು.

ಹಣದ ವಿಷಯದಲ್ಲಿ ಒಂದು ಮಾತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. 2013ರಲ್ಲಿ ಶುರುವಾದದ್ದು. ಹುಟ್ಟಿನಿಂದ ಬಂದ ಹೃದಯದ ತೊಂದರೆ ಅದರ ಪಟ್ಟಿಯಲ್ಲಿದೆ. ಅಂಗನವಾಡಿ ಮತ್ತು ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುವ ತಂಡ ಇವರದೇ. ಆಶಾ ಕಾರ್ಯಕರ್ತೆಯನ್ನು ಅಥವಾ ತಾಲೂಕು ಆಸ್ಪತ್ರೆಯಲ್ಲಿ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ರೆಫರಲ್ ಪತ್ರ ಬೇಕಾ, ಸ್ಕ್ಯಾನ್ ಅದರಲ್ಲಿ ಬರುತ್ತದಾ ಎಂದು ಮೊದಲೇ ವಿಚಾರಿಸಿ. ಸ್ಕ್ಯಾನ್ ಆದ ಮೇಲೆ ಕಾಗದ ತಂದು ಕೊಟ್ಟರೆ ಕಷ್ಟ.

ಹಿಂದಿನ ದಿನ ಮತ್ತು ಆ ಬೆಳಿಗ್ಗೆ

ಮೂರು ನಾಲ್ಕು ತಿಂಗಳೊಳಗಿನ ಮಗುವಾದರೆ ಅನಸ್ತೇಶಿಯಾ ಇಲ್ಲದೆಯೂ ಆಗಬಹುದು. ಸ್ಕ್ಯಾನ್‌ಗೆ ಸ್ವಲ್ಪ ಮೊದಲು ಹೊಟ್ಟೆ ತುಂಬ ಹಾಲು ಕೊಟ್ಟು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಿದ್ದೆ ಬಂದ ಮೇಲೆ ಒಳಗೆ ಮಲಗಿಸುತ್ತಾರೆ. ಅದಕ್ಕಾಗಿ ಬರುವ ದಾರಿಯಲ್ಲಿ ಮಗು ನಿದ್ದೆ ಮಾಡದ ಹಾಗೆ ನೋಡಿಕೊಳ್ಳಿ. ಅದಕ್ಕಿಂತ ದೊಡ್ಡ, ಆರೇಳು ವರ್ಷದೊಳಗಿನ ಮಕ್ಕಳಿಗೆ ಹೆಚ್ಚಾಗಿ ಅನಸ್ತೇಶಿಯಾ ಬೇಕು. ಆಗ ಹೊಟ್ಟೆ ಖಾಲಿ ಇರಬೇಕು. ಸಾಮಾನ್ಯ ಲೆಕ್ಕ ಇದು: ಊಟ, ತಿಂಡಿ, ಹಸುವಿನ ಹಾಲು, ಡಬ್ಬಿ ಹಾಲು ಆದರೆ ಆರು ಗಂಟೆ. ಎದೆಹಾಲು ನಾಲ್ಕು ಗಂಟೆ. ನೀರು ಎರಡು ಗಂಟೆ. ನಿಮ್ಮ ಅನಸ್ತೇಶಿಯಾ ಡಾಕ್ಟರು ಬೇರೆ ಹೇಳಿದರೆ ಅವರ ಮಾತೇ ಕೊನೆ.

ನಮ್ಮಲ್ಲಿ ಎಲ್ಲರೂ ಎಡವುವುದು ಗಂಜಿಯಲ್ಲಿ. "ಊಟ ಕೊಟ್ಟಿಲ್ಲ ಡಾಕ್ಟ್ರೇ, ಸ್ವಲ್ಪ ಗಂಜಿ ತಿಳಿ ಅಷ್ಟೇ" ಎಂದು ಅಜ್ಜಿ ಹೇಳುತ್ತಾರೆ. ಗಂಜಿ ತಿಳಿ ನೀರಲ್ಲ. ಅದು ಅನ್ನದ್ದೇ ರಸ, ಊಟದ ಲೆಕ್ಕಕ್ಕೇ ಬರುತ್ತದೆ. ಹೊಟ್ಟೆಯಲ್ಲಿ ಅದಿರುವಾಗ ಅನಸ್ತೇಶಿಯಾ ಕೊಟ್ಟರೆ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು. ಹಾಗಾಗಿ ಸ್ಲಾಟ್ ಮುಂದಕ್ಕೆ ಹೋಗುತ್ತದೆ. ಹಸಿದ ಮಗು, ಸುಸ್ತಾದ ತಾಯಿ, ವಾಪಸ್ ಪ್ರಯಾಣ. ಮನೆಯವರಿಗೆಲ್ಲ ಹಿಂದಿನ ರಾತ್ರಿಯೇ ಹೇಳಿಡಿ. ದೂರದವರು ಬೆಳಗಿನ ಮೊದಲ ಸ್ಲಾಟ್ ಕೇಳಿ, ಆದರೆ ಹಿಂದಿನ ದಿನವೇ ಬಂದು ಉಳಿಯಿರಿ.

ಮಗುವಿಗೆ ಶೀತ, ಕೆಮ್ಮು, ಜ್ವರ ಇದ್ದರೆ ಮುಚ್ಚಿಡಬೇಡಿ. ಆಟಿಯ (ಜುಲೈ-ಆಗಸ್ಟ್ ಹೊತ್ತಿನ) ಮಳೆಯಲ್ಲಿ ಶೀತ ಇಲ್ಲದ ಮಗುವೇ ಕಡಿಮೆ, ನಿಜ. ಆದರೂ ಶೀತ ಇರುವಾಗ ಅನಸ್ತೇಶಿಯಾ ಕೊಟ್ಟರೆ ಉಸಿರಾಟದ ತೊಂದರೆ ಬರಬಹುದು. ತುರ್ತಿಲ್ಲದಿದ್ದರೆ ಕೆಲವು ವಾರ ಮುಂದೆ ಹಾಕುವುದೇ ಕ್ಷೇಮ.

ಮೈಮೇಲಿನ ಲೋಹ ಎಲ್ಲ ಮನೆಯಲ್ಲೇ ತೆಗೆದಿಡಿ. ಮಗುವಿನ ನೇವಳ, ಕಾಲುಗೆಜ್ಜೆ, ತಾಯಿತ. ತಾಯಿ ಜೊತೆಗೆ ಒಳಗೆ ಬರುವುದಾದರೆ ಅವರ ಕರಿಮಣಿ, ಮೂಗುತಿ, ಹೇರ್‌ಪಿನ್, ಸೇಫ್ಟಿ ಪಿನ್ ಕೂಡ. ಕರಿಮಣಿ ತೆಗೆಯಲು ಮನಸ್ಸಾಗದಿದ್ದರೆ ಜೊತೆಗೆ ಬೇರೆಯವರನ್ನು ಕಳಿಸಿ, ಅದರಲ್ಲಿ ತಪ್ಪೇನಿಲ್ಲ. ಕಣ್ಣಿನ ಕಾಡಿಗೆ ಒರೆಸಿ, ಅದರಲ್ಲೂ ಲೋಹದ ಕಣ ಇರಬಹುದು. ಎಂಆರ್‌ಐ ಅಯಸ್ಕಾಂತವನ್ನು ಸ್ವಿಚ್ ಒತ್ತಿ ಆರಿಸಿಡುವುದಿಲ್ಲ, ಅದು ಸದಾ ಇರುತ್ತದೆ. 1.5 ಟೆಸ್ಲಾ ಎಂದರೆ ಭೂಮಿಯ ಅಯಸ್ಕಾಂತ ಬಲದ ಸುಮಾರು 30,000 ಪಟ್ಟು. 2018ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದ ಯುವಕ ಪ್ರಾಣವನ್ನೇ ಕಳೆದುಕೊಂಡರು. ಬಾಗಿಲಲ್ಲಿ ನಿಲ್ಲಿಸಿ ಎರಡೆರಡು ಸಲ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಹೃದಯದ ಆಪರೇಷನ್ ಆದವರ ಎದೆಮೂಳೆಯಲ್ಲಿ ಉಳಿದಿರುವ ತಂತಿಯಿಂದ ಸಾಮಾನ್ಯವಾಗಿ ಅಪಾಯ ಇಲ್ಲ. ಚಿತ್ರದಲ್ಲಿ ಅಲ್ಲಿ ಸ್ವಲ್ಪ ಕಪ್ಪು ನೆರಳು ಬೀಳುತ್ತದೆ ಅಷ್ಟೇ. ಪೇಸ್‌ಮೇಕರ್, ಸ್ಟೆಂಟ್, ಕಾಯಿಲ್ ಇದ್ದರೆ ಅದರ ಕಾರ್ಡ್ ತನ್ನಿ. ಕಿಡ್ನಿ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಗಡೋಲಿನಿಯಮ್ ಕಾಂಟ್ರಾಸ್ಟ್ ಕೊಡುವುದಾ ಬೇಡವಾ ಎಂದು ಅದರ ಮೇಲೆ ನಿರ್ಧಾರ ಆಗುತ್ತದೆ. ಕಾಂಟ್ರಾಸ್ಟ್ ಇಲ್ಲದೆಯೂ ನಾಳಗಳನ್ನು ಮೂರು ಆಯಾಮದಲ್ಲಿ ತೋರಿಸುವ ವಿಧಾನ ಇದೆ. ಹೊತ್ತು ಜಾಸ್ತಿ ಹಿಡಿಯುತ್ತದೆ.

ಮೆಷಿನ್ ಒಳಗೆ

ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಎದೆಗೆ ಇಸಿಜಿ ಸ್ಟಿಕ್ಕರ್, ಕೈಗೆ ಸೂಜಿ, ಕಿವಿಗೆ ಮುಚ್ಚಳ. ಶಬ್ದ ಜೋರಾಗಿರುತ್ತದೆ, ನೋವಿಲ್ಲ. ಹತ್ತು ಹದಿನೈದು ಸೆಕೆಂಡು ಉಸಿರು ಹಿಡಿಯಲು ಹಲವು ಸಲ ಹೇಳುತ್ತಾರೆ. ಹೆಚ್ಚಿನ ಕಡೆ ಉಸಿರು ಹೊರಗೆ ಬಿಟ್ಟು ಹಿಡಿಯಬೇಕು, ಆಗ ಪ್ರತಿ ಸಲ ಹೃದಯ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಇದನ್ನು ಮನೆಯಲ್ಲೇ ಮಲಗಿ ಅಭ್ಯಾಸ ಮಾಡಿಕೊಳ್ಳಿ. ಶಾಲೆಗೆ ಹೋಗುವ ಮಕ್ಕಳಿಗೆ ಇದೊಂದು ಆಟವೂ ಆಗುತ್ತದೆ, ಕೆಲವರಿಗೆ ಅನಸ್ತೇಶಿಯಾನೇ ಬೇಡವಾಗುತ್ತದೆ. ಮೆಷಿನ್ನಿನ ಸ್ಪೀಕರಿನಲ್ಲಿ ಇಂಗ್ಲಿಷಿನಲ್ಲಿ ರೆಕಾರ್ಡ್ ಮಾಡಿದ ಧ್ವನಿ ಬಂದರೆ "ನನಗೆ ತುಳುವಿನಲ್ಲಿ ಹೇಳಿ", "ಕೊಂಕಣಿಯಲ್ಲಿ ಹೇಳಿ", "ಬ್ಯಾರಿಯಲ್ಲಿ ಹೇಳಿ" ಎಂದು ಕೇಳಲು ಸಂಕೋಚ ಬೇಡ. ಉಸಿರಿನ ಮಾತು ಅರ್ಥವಾಗದಿದ್ದರೆ ಚಿತ್ರ ಮಸುಕಾಗುತ್ತದೆ.

ನಾವು ಚಿತ್ರ ಓದುವುದು ಹೀಗೆ

ಈ ಭಾಗ ನಿಮಗೂ ತಿಳಿದಿರಲಿ. ತಿಳಿದರೆ ರಿಪೋರ್ಟಿನಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳಬಹುದು. ರೇಡಿಯಾಲಜಿ ಕಲಿಯುತ್ತಿರುವವರಿಗೂ ಉಪಯೋಗ ಆದೀತು.

ಮೊದಲು ನಾಳಗಳ ಲೆಕ್ಕ. ಪ್ರತಿ ಶ್ವಾಸಕೋಶದ ಪ್ರತಿ ಭಾಗದಿಂದ ಹೊರಟ ನಾಳವನ್ನು ಬೆರಳಿಟ್ಟ ಹಾಗೆ ಕೊನೆಯವರೆಗೂ ಹಿಂಬಾಲಿಸುತ್ತೇವೆ. "ಎಡ ಮೇಲ್ಕೋಣೆಗೆ ನಾಲ್ಕು ಸೇರಿವೆ" ಎಂದು ಎಣಿಸಿ ಬಿಟ್ಟರೆ ಸಾಲದು. ನಾಲ್ಕು ಸರಿ ಇದ್ದು ಬಲ ಮೇಲ್ಭಾಗದ ಐದನೆಯದೊಂದು ಸಣ್ಣ ನಾಳ ಮೇಲಿನ ಮಹಾಸಿರೆಗೆ (ತಲೆ, ಕೈಗಳ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ನಾಳಕ್ಕೆ) ಹೋಗಿರಬಹುದು. ಹಾಗೆ ಹೋಗಿದ್ದರೆ ಅದು ಬಲ ಮೇಲ್ಕೋಣೆಯಿಂದ ಎಷ್ಟು ಎತ್ತರದಲ್ಲಿ ಸೇರಿದೆ ಎಂದು ಅಳೆಯಬೇಕು. ಸರ್ಜನ್ ಯಾವ ಆಪರೇಷನ್ ಆರಿಸುತ್ತಾರೆ ಎನ್ನುವುದು ಆ ಎತ್ತರದ ಮೇಲೆ ನಿಂತಿದೆ. ಅಲ್ಲೇ ಹತ್ತಿರ ಸೈನಸ್ ವೀನೋಸಸ್ ಎಂಬ ತೂತು ಇದೆಯಾ ಎಂದೂ ಹುಡುಕಬೇಕು. ಎದೆಯ ಮೇಲಿಟ್ಟು ಮಾಡುವ ಎಕೋಗೆ ಆಗಾಗ ತಪ್ಪಿಹೋಗುವ ತೂತು ಅದು.

ಎಡಗಡೆ ಒಂದು ಗೊಂದಲ ಇದೆ. ಮಹಾಧಮನಿಯ ಪಕ್ಕದಲ್ಲಿ ಮೇಲೆ ಕೆಳಗೆ ಓಡುವ ನಾಳವೊಂದು ಕಂಡರೆ ಅದು ಎರಡರಲ್ಲಿ ಒಂದು. ದಾರಿ ತಪ್ಪಿದ ಎಡ ಮೇಲಿನ ಪಲ್ಮನರಿ ವೇನ್ ಇರಬಹುದು, ಅಥವಾ ಕೆಲವರಲ್ಲಿ ಹುಟ್ಟಿನಿಂದ ಉಳಿದುಬಿಡುವ ಎಡಗಡೆಯ ಮಹಾಸಿರೆ ಇರಬಹುದು. ನಿಂತ ಚಿತ್ರದಲ್ಲಿ ಎರಡೂ ಒಂದೇ ಥರ. ಎರಡನೆಯದು ಸಾಮಾನ್ಯವಾಗಿ ನಿರುಪದ್ರವಿ. ಇಲ್ಲಿ ಫ್ಲೋ ಚಿತ್ರ ನಮ್ಮ ಕೈ ಹಿಡಿಯುತ್ತದೆ. ಅದರಲ್ಲಿ ರಕ್ತ ಒಂದು ದಿಕ್ಕಿಗೆ ಹೋದರೆ ಬಿಳಿ, ವಿರುದ್ಧ ದಿಕ್ಕಿಗೆ ಹೋದರೆ ಕಪ್ಪು. ಆ ನಾಳದಲ್ಲಿ ರಕ್ತ ಮೇಲಕ್ಕೆ ಹೋಗುತ್ತಿದ್ದರೆ ತಪ್ಪಿದ ಪಲ್ಮನರಿ ವೇನ್. ಕೆಳಕ್ಕೆ ಇಳಿಯುತ್ತಿದ್ದರೆ ಎಡ ಮಹಾಸಿರೆ. ಒಂದೇ ಉಸಿರಿನ ಸ್ಕ್ಯಾನ್‌ನಲ್ಲಿ ಉತ್ತರ ಸಿಗುತ್ತದೆ.

ಆಮೇಲೆ ಅಳತೆ. ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಆರ್ಟರಿಯಲ್ಲಿ ಒಂದು ಬಡಿತಕ್ಕೆ ಎಷ್ಟು ರಕ್ತ, ಮೈಗೆ ಹೋಗುವ ಮಹಾಧಮನಿಯಲ್ಲಿ ಎಷ್ಟು ರಕ್ತ ಎಂದು ಅಳೆದು ಭಾಗಿಸುತ್ತೇವೆ. ರಿಪೋರ್ಟಿನಲ್ಲಿ ಇದನ್ನು ಕ್ಯೂಪಿ-ಕ್ಯೂಎಸ್ ಎನ್ನುತ್ತಾರೆ. ಆರೋಗ್ಯವಂತರಲ್ಲಿ ಸುಮಾರು 1. ಒಬ್ಬರಿಗೆ ಮಹಾಧಮನಿಯಲ್ಲಿ 60 ಮಿಲಿ, ಪಲ್ಮನರಿ ಆರ್ಟರಿಯಲ್ಲಿ 84 ಮಿಲಿ ಬಂತು ಎಂದುಕೊಳ್ಳಿ. 84ನ್ನು 60ರಿಂದ ಭಾಗಿಸಿದರೆ 1.4. ಅಂದರೆ ಪ್ರತಿ ಬಡಿತಕ್ಕೆ 24 ಮಿಲಿ ಸುಮ್ನೆ ಸುತ್ತುತ್ತಿದೆ. ಈಗ ತಪ್ಪಿದ ನಾಳದಲ್ಲೇ ನೇರವಾಗಿ ಅಳೆಯುತ್ತೇವೆ. ಅಲ್ಲೂ ಸುಮಾರು 24 ಬಂದರೆ ಲೆಕ್ಕ ಮುಗಿಯಿತು, ಬೇರೆ ತೂತು ಇಲ್ಲ.

ಇನ್ನೊಬ್ಬರಿಗೆ ಮಹಾಧಮನಿಯಲ್ಲಿ 60, ಪಲ್ಮನರಿ ಆರ್ಟರಿಯಲ್ಲಿ 120. ಅನುಪಾತ 2. ಹೆಚ್ಚಿಗೆ ಸುತ್ತುವುದು 60. ಆದರೆ ತಪ್ಪಿದ ನಾಳದಲ್ಲಿ ಸಿಗುವುದು 30 ಮಾತ್ರ. ಉಳಿದ 30 ಎಲ್ಲಿಂದ ಬಂತು? ಒಂದೋ ಮೇಲ್ಕೋಣೆಗಳ ನಡುವೆ ತೂತಿದೆ, ಇಲ್ಲವೇ ಇನ್ನೊಂದು ತಪ್ಪಿದ ನಾಳ ನಮ್ಮ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಚಿತ್ರಕ್ಕೆ ವಾಪಸ್ ಹೋಗಿ ಹುಡುಕಲೇಬೇಕು. ಎಂಆರ್‌ಐ ಮೇಲೆ ನನಗೆ ಇಷ್ಟು ನಂಬಿಕೆ ಇರುವುದು ಇದರಿಂದಲೇ. ಲೆಕ್ಕ ಹೊಂದದಿದ್ದರೆ ಅದೇ ನಮ್ಮನ್ನು ಎಚ್ಚರಿಸುತ್ತದೆ.

ಮೂರನೆಯ ಪರೀಕ್ಷೆಯೂ ಇದೆ. ಹೃದಯ ಬಡಿಯುವ ವಿಡಿಯೋದಲ್ಲಿ ಬಲ ಕೆಳಕೋಣೆ ಒಂದು ಬಡಿತಕ್ಕೆ ಎಷ್ಟು ತಳ್ಳುತ್ತದೆ, ಎಡ ಕೆಳಕೋಣೆ ಎಷ್ಟು ತಳ್ಳುತ್ತದೆ ಎಂದು ಬೇರೆಯಾಗಿ ಅಳೆಯುತ್ತೇವೆ. ವಾಲ್ವ್ ಸೋರಿಕೆ ಇಲ್ಲದಿದ್ದರೆ ಇದೂ ಮೊದಲಿನ ಲೆಕ್ಕಕ್ಕೆ ಹೊಂದಬೇಕು. ನೂರಕ್ಕೆ ಹತ್ತರಷ್ಟು ಆಚೀಚೆ ಆದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಆದರೆ ಮತ್ತೆ ಅಳೆಯಬೇಕು. ಟೆಕ್ನಾಲಜಿಸ್ಟ್ ಗೆಳೆಯರಲ್ಲಿ ಒಂದು ವಿನಂತಿ: ರೋಗಿ ಟೇಬಲ್ಲಿನಿಂದ ಇಳಿಯುವ ಮೊದಲೇ ಈ ಮೂರೂ ಹೊಂದುತ್ತವೆಯಾ ನೋಡಿ. ಆಮೇಲೆ ಗೊತ್ತಾದರೆ ಅವರನ್ನು ಮತ್ತೆ ಕರೆಸಬೇಕಾಗುತ್ತದೆ.

ನಾಳ ಕಿರಿದಾದ ಕೇಸಿನಲ್ಲಿ ಬಲ ಮತ್ತು ಎಡ ಶ್ವಾಸಕೋಶಕ್ಕೆ ರಕ್ತ ಹೇಗೆ ಹಂಚಿದೆ ಎಂದು ನೋಡುತ್ತೇವೆ. ಸಹಜವಾಗಿ ಬಲಕ್ಕೆ ಸುಮಾರು 55, ಎಡಕ್ಕೆ 45ರ ಪಾಲು. ಹೊರಬರುವ ದಾರಿ ಕಿರಿದಾದ ಕಡೆಗೆ ಒಳಹೋಗುವ ರಕ್ತವೂ ಕಡಿಮೆಯಾಗುತ್ತದೆ.

ರಿಪೋರ್ಟ್ ಕೈಗೆ ಬಂದ ಮೇಲೆ

ಪ್ರತಿ ನಾಳದ ಹೆಸರು ಮತ್ತು ಅದು ಸೇರುವ ಜಾಗ, ಕ್ಯೂಪಿ-ಕ್ಯೂಎಸ್, ಬಲ ಕೆಳಕೋಣೆಯ ಗಾತ್ರ, ತೂತು ಇದೆಯಾ ಇಲ್ಲವಾ ಎಂಬ ಮಾತು. ಇವಿಷ್ಟು ಇರಲೇಬೇಕು. ಇಲ್ಲದಿದ್ದರೆ ರಿಪೋರ್ಟ್ ಬರೆದವರನ್ನೇ ಕೇಳಿ. ಕೇಳುವುದು ನಿಮ್ಮ ಹಕ್ಕು. ಕೋಣೆಯ ಗಾತ್ರವನ್ನು ಮೈಯ ಅಳತೆಗೆ ಹೋಲಿಸಿ ಬರೆಯುವುದರಿಂದ ಸ್ಕ್ಯಾನ್ ದಿನದ ಎತ್ತರ, ತೂಕ ಸರಿಯಾಗಿ ಕೊಟ್ಟಿರಬೇಕು. ಅಂದಾಜಿನ ತೂಕ ಹೇಳಬೇಡಿ.

ಅನುಪಾತ 1.5 ಅಥವಾ ಅದಕ್ಕಿಂತ ಜಾಸ್ತಿ ಇದ್ದು ಬಲಭಾಗ ಹಿಗ್ಗಿದ್ದರೆ ಸಾಮಾನ್ಯವಾಗಿ ರಿಪೇರಿಯ ಮಾತು ಬರುತ್ತದೆ. ಒಂದೇ ನಾಳ ತಪ್ಪಿ, ಅನುಪಾತ ಕಡಿಮೆ ಇದ್ದು, ಹೃದಯದ ಗಾತ್ರ ಸರಿ ಇದ್ದರೆ ಬಹಳ ಮಂದಿಗೆ ಆಪರೇಷನ್ ಬೇಕಾಗುವುದಿಲ್ಲ, ಆಗಾಗ ನೋಡಿಸಿಕೊಂಡರೆ ಸಾಕು. ಶ್ವಾಸಕೋಶದೊಳಗಿನ ಒತ್ತಡವನ್ನು ಮಾತ್ರ ಎಂಆರ್‌ಐ ನೇರವಾಗಿ ಅಳೆಯಲಾರದು. ಅದು ಜಾಸ್ತಿ ಇರುವ ಅನುಮಾನ ಇದ್ದರೆ ಕ್ಯಾಥ್, ಅಂದರೆ ನಾಳದೊಳಗೆ ತೆಳು ಕೊಳವೆ ಹಾಯಿಸಿ ಅಳೆಯುವ ಪರೀಕ್ಷೆ ಬೇಕು. "ಎಂಆರ್‌ಐ ಮಾಡಿಸಿದ ಮೇಲೂ ಕ್ಯಾಥ್ ಯಾಕೆ" ಎಂದರೆ ಉತ್ತರ ಇದು.

ಹೊರಡುವಾಗ ಫಿಲ್ಮ್ ಮಾತ್ರ ತೆಗೆದುಕೊಂಡು ಬರಬೇಡಿ. ಫಿಲ್ಮಿನಲ್ಲಿ ನಿಂತ ಚಿತ್ರ ಇರುತ್ತದೆ, ಹರಿವು ಇರುವುದಿಲ್ಲ. ಎಲ್ಲ ಚಿತ್ರಗಳಿರುವ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ, ಮನೆಯಲ್ಲಿ ಇನ್ನೊಂದು ಕಾಪಿ ಮಾಡಿಡಿ. ನಮ್ಮ ತೇವದ ಹವೆಗೆ ಸಿಡಿ ಬೂಸ್ಟು ಹಿಡಿದು ಹಾಳಾಗುತ್ತದೆ, ಕಪಾಟಿನ ಮೂಲೆಯಲ್ಲಿ ಇಡಬೇಡಿ. ಮುಂದಿನ ಸ್ಕ್ಯಾನನ್ನು ಆದಷ್ಟು ಅದೇ ಸೆಂಟರಿನಲ್ಲಿ ಮಾಡಿಸಿ, ಹಳೆಯ ಸಿಡಿ ಜೊತೆಗಿರಲಿ. ಬೆಂಗಳೂರಿಗೆ ಆಪರೇಷನ್ನಿಗೆ ಹೋಗುವುದಾದರೆ ಅಲ್ಲಿನ ಸರ್ಜನ್ ಮೊದಲು ಕೇಳುವುದು ಈ ಸಿಡಿಯನ್ನೇ.